ಗ್ಯಾಸ್ ಎಲ್ಲಿ ಹೋಯಿತು?

ಶಿವರಾತ್ರಿ ಬಂತೆಂದರೆ ಚಳಿಯು ‘ಶಿವ ಶಿವ’ ಎನ್ನುತ್ತ ಓಡಿಹೋಗುತ್ತದೆಂದು ಹಿರಿಯರು ಹೇಳುವುದುಂಟು. ನಮ್ಮ ಕಲಬುರಗಿಯ ಕಡೆ ಹಾಗೆ ಓಡಿದ ಚಳಿಯು ಹಿಂದಿರುಗಿ ಸಹ ನೋಡುವುದಿಲ್ಲ. ಯುಗಾದಿಯ ಬೇವು-ಬೆಲ್ಲದ ರುಚಿ ನಾಲಗೆಯ ಮೇಲಿರುವಾಗಲೇ ಬಿಸಿಲು ನೆತ್ತಿಗೇರಿರುತ್ತದೆ. ಬಸವ ಜಯಂತಿಯ ಹೊತ್ತಿಗೆ ಉಷ್ಣಮಾಪಕವು 42, 43 ಡಿಗ್ರಿಯನ್ನು ಮುಟ್ಟಿದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಶಹಾಬಾದಿ ಫರಸಿ ಹಾಸಿದ, ದಪ್ಪ ಗೋಡೆಯ ಮಾಳಿಗೆ ಮನೆಗಳು ಹೋಗಿ ಕಾಂಕ್ರೀಟಿನ ತೆಳು ಚಾವಣಿಗಳು ಬಂದ ಮೇಲೆ, ಹಿಂದೆ ಅನುಕೂಲಸ್ಥರ ಮನೆಯ ವಸ್ತುವಾಗಿದ್ದ ಹವಾನಿಯಂತ್ರಕವು ಮಧ್ಯಮ ವರ್ಗದ ಮನೆಗಳಲ್ಲಿಯೂ ಒಂದು ಕೋಣೆಯನ್ನಾದರೂ ಸೇರಿಕೊಂಡಿದೆ. ಹೆಸರು ಉದ್ದವಾಯಿತು, ಎಲ್ಲರೂ ಕರೆಯುವಂತೆ ನಾವೂ ಅದನ್ನು ಏ.ಸಿ. ಎಂದೇ ಕರೆಯೋಣ.

ಬೇಸಿಗೆ ಆರಂಭವಾದೊಡನೆ ಇಂತಹ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: “ಏ.ಸಿ. ತಂಪು ಮಾಡುತ್ತಿಲ್ಲ, ಗ್ಯಾಸ್ ತುಂಬಿಸಬೇಕು.” ವಾಹನಕ್ಕೆ ಪೆಟ್ರೋಲು ಹಾಕಿಸಿದಂತೆ, ಒಲೆಗೆ ಸಿಲಿಂಡರ್ ತರಿಸಿದಂತೆ, ಇದೂ ವರ್ಷಕ್ಕೊಮ್ಮೆ ಬರುವ ಖರ್ಚೆಂದು ಅನೇಕ ಗೃಹಸ್ಥರು ಒಪ್ಪಿಕೊಂಡುಬಿಟ್ಟಿದ್ದಾರೆ. ನಾವೂ ಮೂರು ಬೇಸಿಗೆ ಹಾಗೆಯೇ ಒಪ್ಪಿಕೊಂಡಿದ್ದೆವು. ಆ ಒಪ್ಪಿಗೆಯು ನಮಗೆ ಎಷ್ಟು ತುಟ್ಟಿಯಾಯಿತು ಎಂಬುದನ್ನು ವಾಚಕ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಒಳಿತೆಂದು ತೋರಿದೆ.

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಹೃದಯ ದುರ್ಬಲವಾಗಿರುವುದರಿಂದ ಬೇಸಿಗೆಯಲ್ಲಿ ಅವರ ಕೋಣೆಯನ್ನು ತಂಪಾಗಿ ಇಡಬೇಕೆಂದು ವೈದ್ಯರು ಹೇಳಿದಾಗ 2018ರಲ್ಲಿ ಒಂದೂವರೆ ಟನ್ನಿನ ಏ.ಸಿ.ಯನ್ನು ತಂದು ಕೂರಿಸಿದೆವು. ಮೊದಲ ಕೆಲವು ಬೇಸಿಗೆಗಳು ಸುಖವಾಗಿ ಕಳೆದವು. 2021ರಲ್ಲಿ ತಂಪು ತಗ್ಗಿತು. ಬಂದ ಹುಡುಗನು ಹೊರಗಿನ ಪೆಟ್ಟಿಗೆಗೆ ಮೀಟರ್ ಜೋಡಿಸಿ, “ಗ್ಯಾಸ್ ಕಮ್ಮಿ ಆಗ್ಯಾದ್ರಿ, ತುಂಬಿದ್ರ ಮುಗೀತು” ಎಂದನು. ಅರ್ಧ ಗಂಟೆಯಲ್ಲಿ ತುಂಬಿ ಹಣ ಪಡೆದು ಹೋದನು. 2022ರಲ್ಲಿ ಮತ್ತೆ ಅದೇ ಮಾತು, ಅದೇ ಅರ್ಧ ಗಂಟೆ. 2023ರ ಏಪ್ರಿಲ್‌ನಲ್ಲಿ ಮೂರನೆಯ ಸಲ. ಈ ಬಾರಿ ತುಂಬಿಸಿದ ಗ್ಯಾಸ್ ಮುಂದಿನ ವರ್ಷದವರೆಗೆ ಕಾಯಲಿಲ್ಲ. ಮೇ ತಿಂಗಳ ಒಂದು ರಾತ್ರಿ ಯಂತ್ರವು ಸದ್ದು ಮಾಡುತ್ತಲೇ ಇತ್ತು, ಬೀಸುತ್ತಿದ್ದುದು ಮಾತ್ರ ಬೆಚ್ಚನೆಯ ಗಾಳಿ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ತಾಯಿಯವರು ಯಾರನ್ನೂ ಎಬ್ಬಿಸದೆ ಮಲಗಿದ್ದರು. ಬೆಳಗ್ಗೆ ನೋಡಿದರೆ ನಾಲಗೆ ಒಣಗಿದೆ, ಕರೆದರೆ ಪೂರ್ತಿ ಎಚ್ಚರವಿಲ್ಲ. ಆಸ್ಪತ್ರೆಗೆ ಒಯ್ದು ಸಲೈನ್ ಏರಿಸಬೇಕಾಯಿತು. ಮೂರನೆಯ ದಿನ ಮನೆಗೆ ಬಂದರು. ಅಷ್ಟರಲ್ಲಿಯೇ ಮುಗಿದದ್ದು ದೈವಕೃಪೆ. ಆದರೆ ಆ ಮೂರು ದಿನ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ತುಂಬಿಸಿದ ಗ್ಯಾಸ್ ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿದವರು ನೆರೆಯವರು ಕರೆತಂದ ಒಬ್ಬ ಹಿರಿಯ ಮೆಕ್ಯಾನಿಕರು. ಹಿಂದೆ ಐಸ್ ಕಾರ್ಖಾನೆಯಲ್ಲಿ ದುಡಿದವರು. ಯಂತ್ರವನ್ನು ಮುಟ್ಟುವುದಕ್ಕೆ ಮುಂಚೆ ಹಳೆಯ ಮೂರು ಬಿಲ್ಲುಗಳನ್ನು ತರಿಸಿ ನೋಡಿದರು. ಯಾವುದರಲ್ಲಿಯೂ ಎಷ್ಟು ಗ್ರಾಂ ತುಂಬಿತೆಂಬುದು ಇರಲಿಲ್ಲ. ಅವರು ನಕ್ಕು ಹೇಳಿದರು: “ಸರ್, ಗ್ಯಾಸ್ ಖರ್ಚಾಗೋ ವಸ್ತು ಅಲ್ರಿ. ಮಷಿನ್‌ದಾಗ ಇಲ್ಲಂದ್ರ ಎಲ್ಲ್ಯೋ ಹಾದಿ ಮಾಡ್ಕೊಂಡು ಹೋಗ್ಯಾದ. ಮದಲ ಹಾದಿ ಹುಡುಕೋಣ.”

ಏ.ಸಿ.ಯ ವಿಷಯದಲ್ಲಿ ಗೃಹಸ್ಥನು ತಿಳಿಯಬೇಕಾದ ಮುಖ್ಯ ಸಂಗತಿಯೆಲ್ಲ ಈ ಮಾತಿನಲ್ಲಿಯೇ ಇದೆ. ನಾವು ಗ್ಯಾಸ್ ಎನ್ನುವ ಈ ಶೀತಕವು ಪೆಟ್ರೋಲಿನಂತೆ ಉರಿದು ತೀರುವ ಇಂಧನವಲ್ಲ. ಅದು ತಾಮ್ರದ ಕೊಳವೆಗಳ ಒಂದು ಮುಚ್ಚಿದ ವೃತ್ತದಲ್ಲಿ ಸುತ್ತುತ್ತಿರುತ್ತದೆ. ಒಳಗಿನ ಕಾಯಿಲಿನಲ್ಲಿ ಕುದಿದು ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಅದನ್ನು ಒತ್ತಿದಾಗ ಬಿಸಿಯೇರಿ, ಅಲ್ಲಿಯ ಕಾಯಿಲಿನಲ್ಲಿ ಆ ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ಆವಿಯಾಗುತ್ತ ಹರವಿಯನ್ನು ತಂಪಾಗಿಸುವ ತತ್ವವೇ ಇದು. ಹರವಿಯ ನೀರು ಗಾಳಿಗೆ ಹೋಗುತ್ತದೆ, ಏ.ಸಿ.ಯ ಶೀತಕ ಹೋಗಬಾರದು, ಅಷ್ಟೇ ಭೇದ. ಕೊಳವೆಗಳು ಬಿಗಿಯಾಗಿದ್ದರೆ ಕಾರ್ಖಾನೆಯಲ್ಲಿ ತುಂಬಿದ ಶೀತಕವೇ ಯಂತ್ರದ ಆಯುಷ್ಯದವರೆಗೂ ಸಾಕು. ಮನೆಯ ಫ್ರಿಜ್‌ಗೆ ನಾವು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವುದಿಲ್ಲವಲ್ಲ!

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ತಂಪು ಕಡಿಮೆಯಾದ ಮಾತ್ರಕ್ಕೆ ಗ್ಯಾಸ್ ಹೋಗಿದೆಯೆಂದು ತಿಳಿಯಲಾಗದು. ನಮ್ಮ ಕಡೆಯ ಧೂಳು ತುಂಬಿ ಒಳಗಿನ ಜಾಲರಿ ಮುಚ್ಚಿಹೋದರೂ ತಂಪು ತಗ್ಗುತ್ತದೆ. ಹೊರಗಿನ ಕಾಯಿಲಿನ ಎಲೆಗಳ ನಡುವೆ ಕಸ ಕುಳಿತರೂ ತಗ್ಗುತ್ತದೆ. ವಿದ್ಯುತ್ತಿನ ಒತ್ತಡ ಇಳಿದರೆ, ಅಥವಾ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗ ಬಲಹೀನವಾದರೆ ಕಂಪ್ರೆಸರ್ ಸರಿಯಾಗಿ ತಿರುಗುವುದೇ ಇಲ್ಲ. ಇವೆಲ್ಲಕ್ಕೂ ‘ಗ್ಯಾಸ್ ಹೋಗಿದೆ’ ಎಂಬ ಒಂದೇ ಔಷಧಿ ಚೀಟಿ ಬರೆಯುವವರಿಗೆ ಊರಲ್ಲಿ ಕೊರತೆಯಿಲ್ಲ. ಆದುದರಿಂದ ಮೊದಲು ಜಾಲರಿಯನ್ನು ತೊಳೆದು ಒಣಗಿಸಿ ಹಾಕಿ ನೋಡಬೇಕು. ಆಮೇಲೂ ತಂಪಿಲ್ಲವೆಂದರೆ ಹೊರಗಿನ ಪೆಟ್ಟಿಗೆಯ ಪಕ್ಕದಲ್ಲಿ ಸೇರುವ ಎರಡು ಕೊಳವೆಗಳನ್ನು ಗಮನಿಸಬೇಕು. ತೆಳ್ಳನೆಯ ಕೊಳವೆಯ ಮೇಲೆ ಬಿಳಿಯ ಹಿಮ ಕಟ್ಟಿದ್ದರೆ ಸಾಮಾನ್ಯವಾಗಿ ಶೀತಕ ಕಡಿಮೆಯಾಗಿದೆ ಎಂದರ್ಥ. ಹಿಮ ಕಂಡರೆ “ಎಷ್ಟು ತಂಪು ಮಾಡುತ್ತಿದೆ!” ಎಂದು ಸಂತೋಷಪಡುವವರುಂಟು, ಒಮ್ಮೆ ನಾವೂ ಪಟ್ಟಿದ್ದೆವು. ಅದು ಆರೋಗ್ಯದ ಲಕ್ಷಣವಲ್ಲ, ಜ್ವರದ ಲಕ್ಷಣ. ಇರುವ ಸ್ವಲ್ಪ ಶೀತಕವು ಅತಿ ಕಡಿಮೆ ಒತ್ತಡದಲ್ಲಿ ಕುದಿದು ಒಂದೆಡೆಯಷ್ಟೇ ಶೂನ್ಯಕ್ಕಿಂತ ಕೆಳಗೆ ಇಳಿದಿರುತ್ತದೆ. ಉಳಿದ ಕಾಯಿಲೆಲ್ಲ ಬೆಚ್ಚಗೆ ಕುಳಿತಿರುತ್ತದೆ. ಯಂತ್ರವು ಬಿಡುವಿಲ್ಲದೆ ಓಡುತ್ತಿದ್ದು, ಕೋಣೆ ತಣಿಯದೆ, ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ. ಕಂಪ್ರೆಸರಿನ ಮೋಟಾರನ್ನು ತಣಿಸುವುದೂ ಹಿಂದಿರುಗಿ ಬರುವ ಈ ಶೀತಕವೇ ಆದ್ದರಿಂದ, ಅರೆಹೊಟ್ಟೆಯಲ್ಲಿ ಬಹುಕಾಲ ಓಡಿದ ಕಂಪ್ರೆಸರ್ ಸುಟ್ಟುಹೋಗುವುದೂ ಉಂಟು.

ಇನ್ನು ಸೋರಿಕೆಯನ್ನು ಹುಡುಕುವ ಬಗೆ. ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ದುರ್ವಾಸನೆಯನ್ನು ಸೇರಿಸಿರುತ್ತಾರೆ. ಏ.ಸಿ.ಯ ಶೀತಕಕ್ಕೆ ಹಾಗೆ ಸೇರಿಸಿರುವುದಿಲ್ಲ. ಕಣ್ಣಿಗೆ ಕಾಣದ, ಮೂಗಿಗೆ ಹತ್ತದ ಕಳ್ಳನನ್ನು ಅವನ ಹೆಜ್ಜೆಗುರುತಿನಿಂದಲೇ ಹಿಡಿಯಬೇಕು.

ಮೊದಲ ಹೆಜ್ಜೆಗುರುತು ಎಣ್ಣೆ. ಕಂಪ್ರೆಸರಿನ ಎಣ್ಣೆಯು ಸ್ವಲ್ಪ ಮಟ್ಟಿಗೆ ಶೀತಕದೊಡನೆ ಸುತ್ತುತ್ತಿರುತ್ತದೆ. ಶೀತಕವು ಬಿರುಕಿನಿಂದ ಹಾರಿಹೋದಾಗ ಎಣ್ಣೆಯು ಅಲ್ಲಿಯೇ ಉಳಿದು, ಅದಕ್ಕೆ ಧೂಳು ಅಂಟಿ ಕಪ್ಪು ಜಿಡ್ಡಾಗುತ್ತದೆ. ನಮ್ಮ ಹಿರಿಯ ಮೆಕ್ಯಾನಿಕರು ಕನ್ನಡಕವನ್ನು ಸರಿಪಡಿಸಿಕೊಂಡು ಕೊಳವೆಯ ಮೇಲಿನ ಕಪ್ಪು ಫೋಮನ್ನು ಸರಿಸಿ, ಪ್ರತಿಯೊಂದು ಜೋಡಣೆಯನ್ನೂ ಬಿಳಿಯ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ನೋಡುತ್ತಿದ್ದರು. ತಿತ್ತಿಯ ಬಾಯಿಯಂತೆ ಅಗಲಿಸಿದ ಕೊಳವೆಯ ತುದಿಯನ್ನು ಹಿತ್ತಾಳೆಯ ನಟ್ಟಿನಿಂದ ಬಿಗಿಯುವ ಜಾಗಗಳು ನಾಲ್ಕು: ಒಳಗಿನ ಘಟಕದಲ್ಲಿ ಎರಡು, ಹೊರಗೆ ಎರಡು. ಫ್ಲೇರ್ ಎಂದು ಕರೆಯುವ ಈ ಜೋಡಣೆಗಳೇ ಮನೆಗಳಲ್ಲಿ ಅತಿ ಹೆಚ್ಚು ಸೋರುವ ತಾಣ. ಅಗಲಿಸುವಾಗ ತುದಿಯಲ್ಲಿ ಗೀರು ಬಿದ್ದರೆ, ನಟ್ಟನ್ನು ಅತಿಯಾಗಿ ಬಿಗಿದು ತಾಮ್ರ ಸೀಳಿದರೆ, ಅಥವಾ ಸಡಿಲ ಬಿಟ್ಟರೆ ಸೋರಿಕೆ ನಿಶ್ಚಿತ. ಗ್ಯಾಸ್ ತುಂಬುವ ಬಾಯಿಯಲ್ಲಿ ಸೈಕಲ್ ಟ್ಯೂಬಿನ ವಾಲ್ವಿನಂತಹುದೇ ಒಂದು ಪಿನ್ ಇರುತ್ತದೆ, ಅದೂ ಸವೆಯುತ್ತದೆ. ಅದರ ಮೇಲಿನ ಹಿತ್ತಾಳೆಯ ಮುಚ್ಚಳವು ಬರಿಯ ಅಲಂಕಾರವಲ್ಲ, ಅದೂ ಒಂದು ತಡೆ. ಸರ್ವಿಸಿಗೆ ಬಂದವರು ಮುಚ್ಚಳವನ್ನು ಕಿಟಕಿಯ ಮೇಲಿಟ್ಟು ಮರೆತು ಹೋಗುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಇಂದೇ ಹೋಗಿ ನಿಮ್ಮ ಏ.ಸಿ.ಯ ಮುಚ್ಚಳಗಳು ಇವೆಯೇ ಎಂದು ನೋಡಿರಿ.

ಎರಡನೆಯದು ಸಾಬೂನಿನ ನೊರೆ. ಸಿಲಿಂಡರಿನ ರೆಗ್ಯುಲೇಟರಿಗೆ ನಮ್ಮ ಗೃಹಿಣಿಯರು ಹಚ್ಚಿ ನೋಡುವ ನೊರೆಯೇ. ಗಟ್ಟಿಯಾಗಿ ಕದಡಿದ ಸಾಬೂನು ನೀರನ್ನು ಕುಂಚದಿಂದ ಜೋಡಣೆಯ ಸುತ್ತ, ಹಿಂಬದಿಯೂ ಸೇರಿದಂತೆ, ಹಚ್ಚಿ ಐದು ನಿಮಿಷ ತಾಳ್ಮೆಯಿಂದ ಕಾಯಬೇಕು. ದೊಡ್ಡ ಸೋರಿಕೆ ಗುಳ್ಳೆ ಊದುತ್ತದೆ. ಚಿಕ್ಕ ಸೋರಿಕೆ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಬಿಳಿಯ ಗೊಂಚಲನ್ನು ನಿಧಾನವಾಗಿ ಕಟ್ಟುತ್ತದೆ. ಒಳಗಿನ ಘಟಕದ ಪರೀಕ್ಷೆಯನ್ನು ಯಂತ್ರ ನಿಲ್ಲಿಸಿದಾಗ ಮಾಡುವುದು ಉತ್ತಮ. ಓಡುವಾಗ ಆ ಭಾಗದಲ್ಲಿ ಒತ್ತಡ ಕಡಿಮೆ, ನಿಂತಾಗ ಎರಡೂ ಕಡೆಯ ಒತ್ತಡ ಸಮವಾಗಿ ಅಲ್ಲಿ ಹೆಚ್ಚುತ್ತದೆ. ಸೋರಿಕೆಯನ್ನು ಮೂಸಿ ಕೂಗುವ ವಿದ್ಯುನ್ಮಾನ ಉಪಕರಣಗಳೂ ಇವೆ. ಶೀತಕವು ಗಾಳಿಗಿಂತ ಭಾರವಾದುದರಿಂದ ಅದರ ಮೂತಿಯನ್ನು ಜೋಡಣೆಯ ಕೆಳಬದಿಗೆ ಹಿಡಿಯಬೇಕು, ಫ್ಯಾನನ್ನು ನಿಲ್ಲಿಸಿರಬೇಕು. ಹಳೆಯ ಉಪಕರಣಗಳು ಆರ್-22ರಲ್ಲಿದ್ದ ಕ್ಲೋರಿನನ್ನು ಹುಡುಕುವಂತಹವು. ಆರ್-32ರಲ್ಲಿ ಕ್ಲೋರಿನ್ ಇಲ್ಲದ್ದರಿಂದ ಅವು ಅದರ ಮುಂದೆ ಮೌನವಾಗಿರಬಹುದು. ಜ್ವಾಲೆ ಹಸಿರಾಗುವುದನ್ನು ನೋಡಿ ಸೋರಿಕೆ ಕಂಡುಹಿಡಿಯುವ ಹಳೆಯ ದೀಪವಂತೂ ಇಂದಿನ ಉರಿಯುವ ಶೀತಕಗಳ ಬಳಿ ಸುಳಿಯಲೇಬಾರದು.

ನಮ್ಮ ಮನೆಯಲ್ಲಿ ಎಣ್ಣೆಯ ಗುರುತೂ ಸಿಗಲಿಲ್ಲ, ನೊರೆಯಲ್ಲಿ ಗುಳ್ಳೆಯೂ ಏಳಲಿಲ್ಲ. ಬೇರೆಯವರಾಗಿದ್ದರೆ ಇಲ್ಲಿಗೆ ಕೈಬಿಟ್ಟು ಮತ್ತೆ ಗ್ಯಾಸ್ ತುಂಬಿ ಹೋಗುತ್ತಿದ್ದರೇನೋ. ಇವರು, “ಇವತ್ತ ಮುಗಿಯೂದಿಲ್ರಿ, ನಾಳೆ ಬರ್ತೀನಿ” ಎಂದು ಎದ್ದರು. ಮರುದಿನ ಸಂಜೆ ನೈಟ್ರೋಜನ್ ಸಿಲಿಂಡರಿನೊಡನೆ ಬಂದರು. ಉಳಿದಿದ್ದ ಅಲ್ಪ ಶೀತಕವನ್ನು ಗಾಳಿಗೆ ಬಿಡದೆ ಬೇರೊಂದು ಸಿಲಿಂಡರಿಗೆ ಎಳೆದುಕೊಂಡು, ಖಾಲಿಯಾದ ಕೊಳವೆಗಳಿಗೆ ಒಣ ನೈಟ್ರೋಜನ್ನನ್ನು ಚದರ ಇಂಚಿಗೆ 350 ಪೌಂಡ್ ಒತ್ತಡದವರೆಗೆ ತುಂಬಿ, ಸಿಲಿಂಡರನ್ನು ಬೇರ್ಪಡಿಸಿ, ಮೀಟರಿನ ಮುಳ್ಳು ನಿಂತ ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹೋದರು. ಎಷ್ಟು ಒತ್ತಡ ತುಂಬಬಹುದೆಂಬ ಮಿತಿಯು ಯಂತ್ರದ ಫಲಕದ ಮೇಲೆಯೇ ಇರುತ್ತದೆ, ಅದನ್ನು ಮೀರುವಂತಿಲ್ಲ.

ಬೆಳಗ್ಗೆ ನೋಡಿದಾಗ ಮುಳ್ಳು 290ಕ್ಕೆ ಇಳಿದಿತ್ತು. ನಾವು, “ಸೋರಿದೆ!” ಎಂದು ಕೂಗಿದಾಗ ಅವರು ಒಡನೆ ಒಪ್ಪಲಿಲ್ಲ. ರಾತ್ರಿ ತಂಪಾದಾಗ ಅನಿಲವು ಕುಗ್ಗಿ ಒತ್ತಡ ತಾನಾಗಿ ಇಳಿಯುತ್ತದೆ. ಆದರೆ ಸಂಜೆಯ 40 ಡಿಗ್ರಿ ಬೆಳಗ್ಗೆ 28 ಆಗಿದ್ದರೂ, ಅದರಿಂದ ಇಳಿಯಬೇಕಾದುದು ಸುಮಾರು 14 ಪೌಂಡ್ ಮಾತ್ರ. ಇಲ್ಲಿ ಇಳಿದಿರುವುದು 60. ಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡಿ ಮರೆತ ನಿಯಮವು ಎಂಟನೆಯ ತರಗತಿಯೂ ದಾಟದ ಅವರ ಬೆರಳ ತುದಿಯಲ್ಲಿತ್ತು.

ನೈಟ್ರೋಜನ್ನಿನ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆವು. ಬೆಸುಗೆಗೆಂದು ತಂದ ಆಮ್ಲಜನಕದ ಸಿಲಿಂಡರ್ ಕೈಗೆ ಹತ್ತಿರವಿದೆಯೆಂದು ಅದನ್ನೇ ಕೊಳವೆಗೆ ತುಂಬಿ ಪರೀಕ್ಷಿಸುವ ಸಾಹಸವನ್ನು ಯಾರೂ ಮಾಡಬಾರದು. ಒತ್ತಡದ ಆಮ್ಲಜನಕವು ಕಂಪ್ರೆಸರಿನ ಎಣ್ಣೆಯೊಡನೆ ಸೇರಿದರೆ ಸಿಡಿಯುತ್ತದೆ. ಮನುಷ್ಯರ ಪ್ರಾಣವೇ ಹೋಗುತ್ತದೆ. ನಿಮ್ಮ ಅಂಗಳದಲ್ಲಿ ಅಂತಹ ಕೆಲಸ ನಡೆಯುತ್ತಿರುವುದು ಕಂಡರೆ ಸಂಕೋಚ ಬಿಟ್ಟು ತಡೆಯಿರಿ.

ಮುಂದೆ ಒಳಗಿನ ಘಟಕವನ್ನು ಮತ್ತು ಹೊರಗಿನದನ್ನು ಬೇರ್ಪಡಿಸಿ ಪರೀಕ್ಷಿಸಲಾಗಿ, ಹೊರಗಿನ ಭಾಗ ನಿರ್ದೋಷಿಯೆಂದು ತಿಳಿದುಬಂತು. ಒಳಗಿನ ಕಾಯಿಲನ್ನು ಬಿಚ್ಚಿ, ತುದಿಗಳನ್ನು ಮುಚ್ಚಿ, ನೈಟ್ರೋಜನ್ ತುಂಬಿ ಅಂಗಳದ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬನ್ನು ಬುಟ್ಟಿಯ ನೀರಿನಲ್ಲಿ ಅದ್ದಿ ನೋಡುವ ವಿದ್ಯೆಯೇ ಇದು. ಮೊಮ್ಮಕ್ಕಳೆಲ್ಲ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕಾಯಿಲಿನ ಒಂದು ಮೂಲೆಯಿಂದ ಒಂದೇ ಒಂದು ಗುಳ್ಳೆ ಎದ್ದು ಮೇಲೆ ಬಂತು. ಹತ್ತು ಎಣಿಸುವಷ್ಟರಲ್ಲಿ ಇನ್ನೊಂದು. ಮೂರು ಬೇಸಿಗೆಯ ಹಣ, ತಾಯಿಯವರ ಮೂರು ದಿನದ ಆಸ್ಪತ್ರೆ, ಎಲ್ಲವೂ ಸೂಜಿಯ ಮೊನೆಗಿಂತ ಕಿರಿದಾದ ಆ ರಂಧ್ರದಿಂದ ಹೊರಟಿದ್ದವು.

ತಾಮ್ರದ ಕಾಯಿಲಿಗೆ ಹೀಗೇಕಾಗುತ್ತದೆ? ಇಂಗ್ಲಿಷಿನಲ್ಲಿ ಈ ಸವೆತಕ್ಕೆ ಇರುವ ಹೆಸರಿನ ಅರ್ಥ ‘ಇರುವೆ ಗೂಡು’. ಗಾಳಿಯಲ್ಲಿ ಬೆರೆತ ಫಾರ್ಮಿಕ್, ಅಸಿಟಿಕ್ ಮುಂತಾದ ಆಮ್ಲಗಳ ಆವಿಯು ತೇವದೊಡನೆ ಕೂಡಿ ತಾಮ್ರದ ಗೋಡೆಯಲ್ಲಿ ಇರುವೆ ಕೊರೆದಂತೆ ಕವಲು ಕವಲಾದ ಸುರಂಗಗಳನ್ನು ಕೊರೆಯುತ್ತದೆ; ಹೊರಗಿನಿಂದ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಹೊಸ ಪ್ಲೈವುಡ್, ಅಂಟು, ಬಣ್ಣ, ಕೆಲವು ಸ್ವಚ್ಛಕಾರಕ ದ್ರವಗಳು, ಇವೆಲ್ಲ ಇಂತಹ ಆವಿಯನ್ನು ಬಿಡುತ್ತವೆ. ತಾಯಿಯವರ ಕೋಣೆಗೆ 2020ರಲ್ಲಿ ಗೋಡೆಯುದ್ದದ ಹೊಸ ಕಪಾಟನ್ನು ಮಾಡಿಸಿ, ವಾಸನೆ ಹೋಗುವ ಮೊದಲೇ ಬಾಗಿಲು ಮುಚ್ಚಿ ಏ.ಸಿ. ಹಾಕಿದ್ದೆವು. ಅದೇ ಕಾರಣವಿರಬಹುದೆಂಬುದು ನಮ್ಮ ಊಹೆ. ಚರಂಡಿಯ ಪಕ್ಕದ ಮನೆಗಳಲ್ಲಿ ಕೊಳೆತ ಗಂಧಕದ ಅನಿಲವೂ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಹೊರಗಿನ ಪೆಟ್ಟಿಗೆಯನ್ನು ಬಚ್ಚಲ ನೀರು ಹರಿಯುವ ಸಂದಿಯಲ್ಲಿ ಕೂರಿಸುವವರು ಇದನ್ನು ನೆನಪಿಡಬೇಕು.

ರಂಧ್ರ ಸಿಕ್ಕಿತು, ಬೆಸುಗೆ ಹಾಕಿ ಮುಚ್ಚಿದರಾಯಿತಲ್ಲ ಎಂದೆವು. ಅವರು ಒಪ್ಪಲಿಲ್ಲ. ಒಂದು ಸುರಂಗ ಬಾಯಿ ತೆರೆದಿದೆಯೆಂದರೆ ಇನ್ನೂ ಹಲವು ಒಳಗೇ ಬೆಳೆಯುತ್ತಿರುತ್ತವೆ. ಇಂದು ಇದನ್ನು ಮುಚ್ಚಿದರೆ ನಾಳೆ ಪಕ್ಕದ್ದು ತೆರೆಯುತ್ತದೆ. ಇರುವೆ ಗೂಡಿನ ರೋಗಕ್ಕೆ ಕಾಯಿಲನ್ನು ಬದಲಿಸುವುದೇ ಚಿಕಿತ್ಸೆ. ಇತರ ಸೋರಿಕೆಗಳ ಮಾತು ಬೇರೆ. ಕೊಳವೆಗೆ ಕೊಳವೆ ತಿಕ್ಕಿ ಸವೆದಿದ್ದರೆ ಬೆಸುಗೆ ಹಾಕಬಹುದು. ಹಾಕುವಾಗ ಒಳಗೆ ನೈಟ್ರೋಜನ್ ಮೆಲ್ಲನೆ ಹರಿಯುತ್ತಿರಬೇಕು, ಇಲ್ಲವಾದರೆ ಒಳಗೋಡೆಯ ತಾಮ್ರ ಸುಟ್ಟು ಕರಿ ಪುಡಿಯಾಗಿ ಮುಂದೆ ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಫ್ಲೇರ್ ಸೋರುತ್ತಿದ್ದರೆ ಬರಿಯ ನಟ್ಟು ತಿರುಗಿಸಿ ಬಿಗಿಯುವುದಲ್ಲ, ಹಳೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಅಗಲಿಸಿ, ಬಿಗಿತದ ಅಳತೆ ತೋರಿಸುವ ಪಾನಾದಿಂದ ಬಿಗಿಯಬೇಕು. ಸೋರಿಕೆಯನ್ನು ತಾನಾಗಿಯೇ ಮುಚ್ಚುವುದೆಂದು ಹೇಳಿ ಕೊಳವೆಯೊಳಗೆ ಹಾಕುವ ಔಷಧಿಗಳೂ ಪೇಟೆಯಲ್ಲಿವೆ. ಅವು ಸೋರಿಕೆಯ ಬದಲು ಯಂತ್ರವನ್ನೇ ಮುಚ್ಚಿಸಬಲ್ಲವು. ನಮಗೆ ಅವುಗಳಲ್ಲಿ ನಂಬಿಕೆಯಿಲ್ಲ.

ಹೊಸ ಕಾಯಿಲು ಬಂದ ಮೇಲೆ ಮತ್ತೊಮ್ಮೆ ನೈಟ್ರೋಜನ್ ತುಂಬಿ ಇಡೀ ಒಂದು ದಿನ ಬಿಟ್ಟರು. ಹಿಂದಿನ ದಿನದ ಅದೇ ಹೊತ್ತಿಗೆ ನೋಡಿದಾಗ ಮುಳ್ಳು ಅಲ್ಲಾಡಿರಲಿಲ್ಲ. ಆನಂತರ ನಿರ್ವಾತ ಪಂಪನ್ನು ಜೋಡಿಸಿದರು. ಹಿಂದೆ ಬಂದವರಾರೂ ಮಾಡದೆ ಬಿಟ್ಟ ಕೆಲಸ ಇದು. ಅವರು ಒಂದಿಷ್ಟು ಗ್ಯಾಸನ್ನೇ ಕೊಳವೆಯಲ್ಲಿ ನುಗ್ಗಿಸಿ ಗಾಳಿಯನ್ನು ಹೊರದೂಡುತ್ತಿದ್ದರು. ಹಾಗೆ ದೂಡಿದರೆ ಗಾಳಿಯೂ ಪೂರ್ತಿ ಹೋಗದು, ತೇವವಂತೂ ಹೋಗುವುದೇ ಇಲ್ಲ. ಉಳಿದ ತೇವವು ಸಣ್ಣ ಕೊಳವೆಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ. ಪಂಪು ಒತ್ತಡವನ್ನು ಇಳಿಸುತ್ತ ಹೋದಂತೆ ಒಳಗಿನ ನೀರು ಬೆಂಕಿಯಿಲ್ಲದೆ ಕುದಿಯುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ 760 ಮಿ.ಮೀ. ಪಾದರಸದಷ್ಟು, ಅದು 32 ಮಿ.ಮೀ.ಗೆ ಇಳಿದರೆ 30 ಡಿಗ್ರಿಯಲ್ಲಿಯೇ ನೀರು ಕುದಿದು ಆವಿಯಾಗಿಬಿಡುತ್ತದೆ. ಒಳ್ಳೆಯ ಕೆಲಸಗಾರರು ಅರ್ಧ ಮಿ.ಮೀ.ವರೆಗೆ ಇಳಿಸಿ, ಪಂಪನ್ನು ನಿಲ್ಲಿಸಿ, ಒತ್ತಡ ಮತ್ತೆ ಏರುವುದೇ ಎಂದು ಕಾದು ನೋಡುತ್ತಾರೆ. ಕಡೆಯಲ್ಲಿ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಹೊರಗಿನ ಪೆಟ್ಟಿಗೆಯ ಫಲಕದಲ್ಲಿ ಬರೆದಿರುವಷ್ಟೇ ಗ್ರಾಂ ಶೀತಕವನ್ನು ತೂಗಿ ತುಂಬಿದರು. ಮೀಟರಿನ ಮುಳ್ಳನ್ನಷ್ಟೇ ನೋಡಿ ತುಂಬುವುದು, ಉಪ್ಪನ್ನು ಕಣ್ಣಳತೆಯಿಂದ ಹಾಕಿದಂತೆ. ಪಳಗಿದ ಕೈಗೆ ಕೆಲವೊಮ್ಮೆ ಸರಿಹೋಗುತ್ತದೆ, ಎಲ್ಲರಿಗೂ ಅಲ್ಲ.

ಈ ಎಲ್ಲಕ್ಕೂ ಆದ ಖರ್ಚು ಮೂರು ಬೇಸಿಗೆಯಲ್ಲಿ ಗ್ಯಾಸಿಗೆಂದು ಸುರಿದ ಹಣಕ್ಕಿಂತ ಸ್ವಲ್ಪವೇ ಹೆಚ್ಚು. ಮೊದಲ ವರ್ಷವೇ ಮಾಡಿಸಿದ್ದರೆ ಆ ಹಣವೆಲ್ಲ ಉಳಿಯುತ್ತಿತ್ತು, ಆಸ್ಪತ್ರೆಯ ಮಾತಂತಿರಲಿ.

ಸೋರಿದ ಗ್ಯಾಸ್ ನಮ್ಮ ಕೋಣೆಯನ್ನು ಬಿಟ್ಟು ಹೋಯಿತೆಂದರೆ ಲೋಕವನ್ನು ಬಿಟ್ಟು ಹೋಯಿತೆಂದಲ್ಲ. ಹಳೆಯ ಶೀತಕಗಳಲ್ಲಿದ್ದ ಕ್ಲೋರಿನ್ ಭೂಮಿಯ ಓಝೋನ್ ಹೊದಿಕೆಯನ್ನು ಹಾಳುಮಾಡುವುದೆಂದು ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತಿಳಿಸಿದರು. ಅದಕ್ಕಾಗಿ 1995ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಸಂದಿತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅಂತಹ ಶೀತಕಗಳಿಗೆ ಜಗತ್ತು ಕಡಿವಾಣ ಹಾಕಿತು. ಅವುಗಳ ಜಾಗಕ್ಕೆ ಬಂದವು ಓಝೋನಿಗೆ ನಿರಪಾಯಕಾರಿಯಾದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಹಿಂದೆ ಬಿದ್ದಿಲ್ಲ. ಅವನ್ನೂ ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತವು 2021ರಲ್ಲಿ ಅದನ್ನು ಅನುಮೋದಿಸಿತು. ಲೆಕ್ಕವನ್ನು ಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಕಿಲೋ ಆರ್-32 ಗಾಳಿಗೆ ಸೇರುವುದು ನೂರು ವರ್ಷಗಳ ಅವಧಿಯಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ಹೆಚ್ಚುಕಡಿಮೆ 290 ಲೀಟರ್ ಪೆಟ್ರೋಲನ್ನು ಸುಟ್ಟಂತೆ. ಆರ್-22 ಆದರೆ 780 ಲೀಟರ್, ಆರ್-410ಎ ಆದರೆ 900 ಲೀಟರ್. ಸ್ಕೂಟರನ್ನು ಬಿಟ್ಟು ನಡೆದು ಹೋಗಿ ಪೆಟ್ರೋಲು ಉಳಿಸುವ ನಮ್ಮಂತಹವರು, ಬೇಸಿಗೆಗೊಮ್ಮೆ ಗ್ಯಾಸ್ ತುಂಬಿಸುತ್ತ ಎಷ್ಟನ್ನು ಕಳೆದೆವೆಂದು ಲೆಕ್ಕ ಹಾಕಿ ನಾಚಿಕೊಂಡೆವು.

ಅಪಾಯದ ವಿಚಾರವನ್ನೂ ಹೇಳಬೇಕು. ಆರ್-32 ಮಂದವಾಗಿ ಉರಿಯಬಲ್ಲ ಶೀತಕ. ಆರ್-290 ಎಂಬುದು ಪ್ರೋಪೇನ್, ಅಡುಗೆ ಅನಿಲದ ಒಡಹುಟ್ಟು, ಚೆನ್ನಾಗಿಯೇ ಉರಿಯುತ್ತದೆ. ಅದಕ್ಕೆಂದೇ ರಚಿಸಿದ ಯಂತ್ರಗಳಲ್ಲಿ ಅದು ಕಡಿಮೆ ಪ್ರಮಾಣದಲ್ಲಿ, ತಕ್ಕ ರಕ್ಷಣೆಯೊಡನೆ ಇರುತ್ತದೆ. ಆದರೆ ಆರ್-22ರ ಹಳೆಯ ಯಂತ್ರಕ್ಕೆ ಅಗ್ಗವೆಂದು ಅದನ್ನು ತುಂಬುವುದು ಬೆಂಕಿಯೊಡನೆ ಆಟ. ಸೋರಿಕೆಯ ಅನುಮಾನವಿದ್ದಾಗ ಕಿಟಕಿ ಬಾಗಿಲು ತೆರೆದು, ಆ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದನ್ನೂ ಹೊತ್ತಿಸದೆ, ಯಂತ್ರವನ್ನು ನಿಲ್ಲಿಸಬೇಕು. ಉರಿಯದ ಆರ್-22 ಕೂಡ ಬೆಸುಗೆಯ ಜ್ವಾಲೆಗೆ ಸಿಕ್ಕರೆ ಫಾಸ್ಜೀನ್‌ನಂತಹ ವಿಷಾನಿಲವಾಗುತ್ತದೆ. ಆದುದರಿಂದ ಗ್ಯಾಸ್ ಪೂರ್ತಿ ತೆಗೆಯದೆ ಬೆಸುಗೆಯ ಜ್ವಾಲೆ ಹಚ್ಚಕೂಡದು.

ಮೆಕ್ಯಾನಿಕರನ್ನು ಕರೆಸುವಾಗ ನಾವೀಗ ಫೋನಿನಲ್ಲಿಯೇ ಕೇಳಿಬಿಡುತ್ತೇವೆ: ನೈಟ್ರೋಜನ್ ತರುತ್ತೀರಾ, ನಿರ್ವಾತ ಪಂಪು ಇದೆಯೇ, ತೂಕ ಮಾಡಿ ತುಂಬುತ್ತೀರಾ, ಬಿಲ್ಲಿನಲ್ಲಿ ಸೋರಿದ ಜಾಗವನ್ನೂ ಗ್ರಾಂ ಲೆಕ್ಕವನ್ನೂ ಬರೆಯುತ್ತೀರಾ ಎಂದು. ಕೆಲವರು ಸಿಟ್ಟಾಗಿ ಫೋನ್ ಇಡುತ್ತಾರೆ. ಇಡಲಿ. ಹಾಗೆಂದು ಆ ಹುಡುಗರನ್ನೇ ದೂರುವುದೂ ನ್ಯಾಯವಲ್ಲ. ಏಪ್ರಿಲ್‌ನಲ್ಲಿ ದಿನಕ್ಕೆ ಹತ್ತು ಮನೆ ಸುತ್ತುವ, ಯಾರೂ ಕ್ರಮವಾಗಿ ಕಲಿಸದ ಹುಡುಗನಿಗೆ ಎರಡು ದಿನದ ಪರೀಕ್ಷೆಗೆ ಕೂಲಿ ಕೊಡಲು ನಾವೇ ಒಪ್ಪುವುದಿಲ್ಲ. “ಬೇಗ ಗ್ಯಾಸ್ ತುಂಬಿ ಹೋಗಪ್ಪಾ” ಎನ್ನುವವರೂ ನಾವೇ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಭಾರತ ಶೀತಲೀಕರಣ ಕ್ರಿಯಾ ಯೋಜನೆಯಲ್ಲಿ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ನೀಡುವ ಗುರಿಯಿತ್ತು. ನಮ್ಮ ಹಿರಿಯ ಮೆಕ್ಯಾನಿಕರು ಯಾವ ತರಬೇತಿಗೂ ಹೋದವರಲ್ಲ. ಕಾಯಕವನ್ನು ಅರ್ಧಕ್ಕೆ ಬಿಟ್ಟು ಏಳುವುದು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ.

ಅವರು ಹೋಗುವಾಗ ಹೊರಗಿನ ಪೆಟ್ಟಿಗೆಯ ಒಳಬದಿಗೆ ದಿನಾಂಕವನ್ನೂ ತೂಕವನ್ನೂ ಬರೆದ ಚೀಟಿಯನ್ನು ಅಂಟಿಸಿ ಹೋದರು. ಆಮೇಲಿನ ಬೇಸಿಗೆಗಳಲ್ಲಿ ಆ ಚೀಟಿಯ ಪಕ್ಕಕ್ಕೆ ಎರಡನೆಯ ಚೀಟಿ ಬೇಕಾಗಿಲ್ಲ. ತಾಯಿಯವರು ಮಾತ್ರ ಈಗಲೂ ಮಲಗುವ ಮುನ್ನ ಎದ್ದು ಏ.ಸಿ.ಯ ಬಾಯಿಗೆ ಅಂಗೈ ಹಿಡಿದು ನೋಡಿಯೇ ಮಲಗುತ್ತಾರೆ.

ಏ.ಸಿ. ಇಲ್ಲದ ಮನೆಗಳಲ್ಲಿ ಕೋಣೆಯನ್ನು ತಂಪಾಗಿಡುವ ಬಗೆ, ಚಾವಣಿಗೆ ಸುಣ್ಣ ಬಳಿಯುವುದರಿಂದ ಹಿಡಿದು ಕೂಲರಿನ ಹುಲ್ಲು ಬದಲಿಸುವವರೆಗೆ, ಮುಂದಿನ ಸಂಚಿಕೆಯಲ್ಲಿ.